ಕೋಟೆ ನೋಡಿದ್ದಾಯ್ತು, ನೀರು ನೋಡಿದಿರಾ?

ವಿಜಯಪುರಕ್ಕೆ ಟೂರ್ ಹೋಗಿ ಬಂದವರನ್ನ "ಹೇಗಿತ್ತು?" ಅಂತ ಕೇಳಿ ನೋಡಿ. ಮೂರು ಉತ್ತರ ಗ್ಯಾರಂಟಿ. "ಗೋಲಗುಂಬಜ್‌ನಲ್ಲಿ ಕೂಗಿದ್ವಿ, ಏಳು ಸಲ ವಾಪಸ್ ಕೇಳಿಸ್ತು." "ತೋಪು ಮಾತ್ರ ಸೂಪರ್." "ಬಿಸಿಲು ಬೇಡಪ್ಪಾ ಬೇಡ." ರಾಜಸ್ಥಾನದ ಜೈಸಲ್ಮೇರ್‌ಗೆ ಹೋದವರದ್ದೂ ಇದೇ ಕಥೆ. ಬಂಗಾರದ ಬಣ್ಣದ ಗೋಡೆ, ಒಂಟೆ ಸವಾರಿ, ಮರಳ ಮೇಲೆ ಸೂರ್ಯಾಸ್ತ, ಅಲ್ಲಿಗೆ ಮುಗೀತು. ಗ್ಯಾಲರಿಯಲ್ಲಿ ಮುನ್ನೂರು ಫೋಟೋ ಇರುತ್ತೆ, ಮುನ್ನೂರರಲ್ಲೂ ಕಲ್ಲೇ ಇರುತ್ತೆ. ಇಷ್ಟೊಂದು ಜನ ಇಂಥ ಒಣ ಜಾಗದಲ್ಲಿ ಏನು ಕುಡಿದು ಬದುಕಿದರು ಅನ್ನೋ ಪ್ರಶ್ನೆ ಯಾರಿಗೂ ಬರಲ್ಲ.

ಆ ಪ್ರಶ್ನೆಯನ್ನ ಎಲ್ಲರಿಗಿಂತ ಮೊದಲು ಕೇಳಬೇಕಾದವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಅದರಲ್ಲೂ ಕೊಡಗಿನಂಥ ಮಳೆ ಊರಿಂದ ಬಂದವರು ಅನ್ನೋದು ನಮ್ಮ ವಾದ. ಈ ಬರಹದ 'ನಾವು' ಅಂದರೆ ಕನ್ನಡ ಸಂಘದಲ್ಲಿರುವ ಶ್ರೀಮಂಗಲ ಸುತ್ತಿನ ನಾಲ್ಕು ಜನ. ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಕಂಪ್ಯೂಟರ್ ಸೈನ್ಸ್. ನಮ್ಮ ಜಿಲ್ಲೆಗೆ ರೈಲೇ ಇಲ್ಲವಲ್ಲ, ಮೈಸೂರು ತನಕ ಬಸ್ಸಲ್ಲಿ ಹೋಗಿ ಅಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಹೋದ ಡಿಸೆಂಬರ್‌ನಲ್ಲಿ ವಿಜಯಪುರ ನೋಡಿ ಬಂದೆವು.

ಮೊದಲು ಒಂದು ಲೆಕ್ಕ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿ.ಮೀ. ಕೊಡಗಿನ ಜಿಲ್ಲಾ ಸರಾಸರಿಯೇ 2,500 ಮಿ.ಮೀ. ಮೀರುತ್ತೆ. ಕಕ್ಕಡ ತಿಂಗಳು ಜೋರಾಗಿ ಹಿಡಿದರೆ ಅವರ ಇಡೀ ವರ್ಷದ ಮಳೆ ನಮ್ಮ ಬ್ರಹ್ಮಗಿರಿ ತಪ್ಪಲಲ್ಲಿ ಕೆಲವೇ ವಾರಗಳಲ್ಲಿ ಸುರಿದು ಹೋಗುತ್ತೆ. ವಿಜಯಪುರ ಮರುಭೂಮಿ ಅಲ್ಲ ನಿಜ, ಜೈಸಲ್ಮೇರ್‌ನಲ್ಲಿ 200 ಮಿ.ಮೀ. ಬಿದ್ದರೇ ಹೆಚ್ಚು. ಆದರೆ ಕರ್ನಾಟಕದೊಳಗೆ 'ಮರುಭೂಮಿಯ ಕೋಟೆನಗರ' ಅನ್ನೋ ಮಾತಿಗೆ ಹತ್ತಿರ ಬರುವ ಊರು ಹುಡುಕಿದರೆ ಇದೇ ಸಿಗೋದು. ಹಾಳುಬಿದ್ದ ಕಾಲದಲ್ಲಿ ನೋಡಿದ ಇಂಗ್ಲಿಷಿನವರು ಇದನ್ನ 'ದಖನ್ನಿನ ಪಾಲ್ಮೈರಾ' ಅಂತ ಕರೆದರು. ಪಾಲ್ಮೈರಾ ಸಿರಿಯಾದ ಮರುಭೂಮಿಯಲ್ಲಿ ಪಾಳುಬಿದ್ದ ಮಹಾನಗರ. ಹೋಲಿಕೆ ಕೊಟ್ಟವರ ಕಣ್ಣಲ್ಲಿದ್ದದ್ದು ಮುರಿದ ಕಂಬಗಳು. ಪಾಲ್ಮೈರಾ ಅಲ್ಲಿ ಹುಟ್ಟಿದ್ದೇ ಒಂದು ಚಿಲುಮೆ ಇದ್ದದ್ದರಿಂದ ಅನ್ನೋದು ಆ ಹೋಲಿಕೆಯಲ್ಲಿ ಎಲ್ಲೂ ಬರಲ್ಲ.

ಇನ್ನೊಬ್ಬ ಪ್ರವಾಸಿಯ ಮಾತು ಕೇಳಿ. 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬಾತ ವಿಜಯಪುರಕ್ಕೆ ಬಂದಿದ್ದ. ಅವನ ಬರಹ ಇತಿಹಾಸದಲ್ಲಿ ಹೆಸರಾದದ್ದು ಹೊಗೆಸೊಪ್ಪಿನಿಂದ. ಇಲ್ಲಿ ಮೊದಲ ಸಲ ನೋಡಿದ ತಂಬಾಕನ್ನ ಅವನು ಅಕ್ಬರನ ಆಸ್ಥಾನಕ್ಕೆ ಒಯ್ದ. ನಮಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವನು ಮಾಡಿರುವ ಪೇಟೆಯ ವರ್ಣನೆ. ಎರಡು ಹರಿದಾರಿ ಉದ್ದದ ಅಗಲವಾದ ಬೀದಿ, ಎಲ್ಲೆಲ್ಲೂ ಶುಚಿ, ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ ಅಂತ ಬರೀತಾನೆ.

ಒಂದು ನಿಮಿಷ ಆ ಮರಗಳ ಬಗ್ಗೆ ಯೋಚನೆ ಮಾಡಿ. ಶ್ರೀಮಂಗಲದಲ್ಲಿ ಅಂಗಡಿ ಮುಂದೆ ಮರ ಬೆಳೆಸೋಕೆ ಏನೂ ಮಾಡಬೇಕಿಲ್ಲ, ಬೆಳೆಯದ ಹಾಗೆ ನೋಡಿಕೊಳ್ಳೋದೇ ಕಷ್ಟ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ, ಕಪ್ಪುಕಲ್ಲಿನ ನೆಲದಲ್ಲಿ ಸಾಲುಮರ ಹಸಿರಾಗಿ ನಿಲ್ಲಬೇಕಾದರೆ ಊರೊಳಗೆ ನೀರು ಓಡಾಡುತ್ತಿರಬೇಕು. ಅಸದ್ ಬೇಗ್ ಮರ ನೋಡಿದ. ಮರದ ಬುಡಕ್ಕೆ ನೀರು ಬಂದ ದಾರಿ ನೆಲದಡಿಯಲ್ಲಿತ್ತು, ಅದು ಅವನ ಪೇಟೆಯ ಚಿತ್ರದೊಳಗೆ ಬರಲಿಲ್ಲ.

ಆ ದಾರಿ ಹೀಗಿದೆ. ಊರಿನ ಪಶ್ಚಿಮಕ್ಕೆ ತೊರವಿ ಇದೆ. ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು, ಅದನ್ನ ಜನ ಸುರಂಗ ಬಾವಿ ಅಂತಾರೆ. ತತ್ವ ಸರಳ. ಎತ್ತರದ ಕಡೆ ಅಂತರ್ಜಲ ಇರುವಲ್ಲಿಂದ ಶುರುಮಾಡಿ, ತುಂಬಾ ಸಣ್ಣ ಇಳಿಜಾರಿನಲ್ಲಿ ಸುರಂಗ ತೋಡುತ್ತಾ ಬರೋದು. ಮಧ್ಯೆ ಮಧ್ಯೆ ಮೇಲಿಂದ ನೇರವಾಗಿ ಬಾವಿಯಂತೆ ರಂಧ್ರ ಇಳಿಸೋದು. ತೋಡುವಾಗ ಮಣ್ಣು ಮೇಲೆತ್ತೋಕೆ, ಗಾಳಿ ಆಡೋಕೆ, ಆಮೇಲೆ ನೀರು ಸೇದೋಕೆ, ಎಲ್ಲಕ್ಕೂ ಅದೇ. ಇಳಿಜಾರು ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆದು ಹಾಕುತ್ತೆ, ಕಮ್ಮಿಯಾದರೆ ಹೂಳು ತುಂಬುತ್ತೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ಬಿಸಿಲಿಗೆ ಆವಿಯಾಗುವ ನಷ್ಟವೂ ಇಲ್ಲದಷ್ಟೇ. ಸರ್ವೇ ಕ್ಯಾಂಪಿನಲ್ಲಿ ಆಟೋ ಲೆವೆಲ್ ಇಟ್ಟುಕೊಂಡು ಐವತ್ತು ಮೀಟರಿಗೆ ರೀಡಿಂಗ್ ಹೊಂದಿಸೋಕೆ ನಾವು ಪಡುವ ಪಾಡು ಗೊತ್ತಲ್ಲ? ಅವರು ಅದನ್ನ ನೆಲದಡಿ, ಎಣ್ಣೆ ದೀಪದ ಬೆಳಕಲ್ಲಿ ಮಾಡಿದರು. ಇದೇ ಮೂಲದ ತಂತ್ರ ಬೀದರಿನಲ್ಲಿ ಕರೇಜ್ ಅನ್ನೋ ಹೆಸರಲ್ಲಿದೆ. ಪರ್ಷಿಯಾದ ಒಣನಾಡಿನಲ್ಲಿ ಬೆಳೆದ ವಿದ್ಯೆ ದಖನ್ನಿನ ಸುಲ್ತಾನರ ಜೊತೆ ಇಲ್ಲಿಗೆ ಬಂತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಪಟ್ಟಿಯಲ್ಲಿ ದಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನ ಸೇರಿಸಿದಾಗ ವಿಜಯಪುರದ ಸುರಂಗ ಬಾವಿಯೂ ಅದರಲ್ಲಿತ್ತು.

ಇದು ಸಾಲದು ಅಂತ ದಕ್ಷಿಣಕ್ಕೆ ಬೇಗಂ ತಾಲಾಬ್. ಮುಹಮ್ಮದ್ ಆದಿಲ್ ಷಾ 1651ರಲ್ಲಿ ಕಟ್ಟಿಸಿದ ಕೆರೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನ ಗಾರೆಯಲ್ಲಿ ಹುದುಗಿಸಿ ಊರೊಳಕ್ಕೆ ನೀರು ತಂದರು. ಈಗ ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ. ಹತ್ತು ಮೀಟರ್ ಹೆಡ್ ಅಂದರೆ ಹತ್ತಿರ ಹತ್ತಿರ ಒಂದು ವಾತಾವರಣದಷ್ಟು ಒತ್ತಡ. ಮಣ್ಣಿನ ಕೊಳವೆಯ ಜಾಯಿಂಟ್ ಎಷ್ಟು ತಡೆದೀತು? ಅದಕ್ಕೇ ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಏರಿ, ತಲೆ ತೆರೆದ ತೊಟ್ಟಿಗೆ ಬಿದ್ದು, ಅಲ್ಲಿಂದ ಮುಂದಕ್ಕೆ ಹೋಗುತ್ತೆ. ಮೇಲೆ ತೆರೆದಿರುವುದರಿಂದ ಒತ್ತಡ ಗೋಪುರದ ಎತ್ತರಕ್ಕಿಂತ ಜಾಸ್ತಿ ಆಗೋಕೆ ಸಾಧ್ಯವೇ ಇಲ್ಲ. ಕೆಸರು ತಳಕ್ಕೆ ಕೂರುತ್ತೆ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತೆ, ಅಲ್ಲಿಂದಲೇ ಬೇರೆ ಬೇರೆ ಬೀದಿಗೆ ಕವಲು ತೆಗೀಬಹುದು. ನಾವು ಬ್ರೇಕ್ ಪ್ರೆಶರ್ ಟ್ಯಾಂಕ್ ಅಂತ ಪರೀಕ್ಷೆಗೆ ಬರೆಯೋದು ಇದನ್ನೇ.

ಈ ಗಂಜ್‌ಗಳಲ್ಲಿ ಕೆಲವು ಇವತ್ತೂ ಊರ ಮಧ್ಯೆ ನಿಂತಿವೆ. ಟೂರಿಸ್ಟ್ ಬಸ್ಸು ಪಕ್ಕದಲ್ಲೇ ಹಾದುಹೋಗುತ್ತೆ, ಯಾರೂ ಇಳಿಯಲ್ಲ. ನಮಗೂ ತೋರಿಸಿದ್ದು ಗೈಡ್ ಅಲ್ಲ, ಒಬ್ಬ ಆಟೋ ಚಾಲಕರು. "ನೀರ ಇಲ್ಲದ ಊರು ಅಂತೀರಲ್ಲ, ಬರ್ರಿ, ನೀರಿನ ಊರು ತೋರಸ್ತೀನಿ" ಅಂದರು. ಗೋಲಗುಂಬಜ್ ಬಿಟ್ಟು ಅರ್ಧ ದಿನ ಅವರ ಹಿಂದೆ ಸುತ್ತಿದೆವು. ಕೊನೆಗೆ ತಾಜ್ ಬಾವಡಿ. 1620ರಲ್ಲಿ ಎರಡನೇ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಬದಿ ಒಂದೊಂದೂ 220 ಅಡಿ ಮೀರಿದ ಚೌಕ, ಮುಂದೆ ದೊಡ್ಡ ಕಮಾನು, ಅಕ್ಕಪಕ್ಕ ದಾರಿಹೋಕರು ತಂಗೋಕೆ ಜಾಗ. ಬಾವಿ ಅನ್ನೋ ಪದ ಕೇಳಿ ನಮ್ಮ ಮನೆ ಹಿಂದಿನ ಬಾವಿ ನೆನೆಸಿಕೊಂಡು ಹೋದರೆ ಬಾಯಿ ಕಟ್ಟಿಹೋಗುತ್ತೆ. ಕಳೆದ ದಶಕದಲ್ಲಿ ಇದರ ಹೂಳೆತ್ತುವ ಕೆಲಸ ನಡೆಯಿತು. ಅದಕ್ಕೂ ಮುಂಚೆ ಬಹಳ ವರ್ಷ ಇದು ಕಸ ಹಾಕುವ ಜಾಗವಾಗಿತ್ತು. ನಲ್ಲಿ ಬಂದ ಮೇಲೆ ಬಾವಿ ಯಾರಿಗೆ ಬೇಕು?

ಹಾಗಂತ ಕೋಟೆಗೋಡೆ ಸಣ್ಣದಲ್ಲ. ಮೊದಲನೇ ಅಲಿ ಆದಿಲ್ ಷಾ ಕಾಲದ ಆ ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್, ಬುರುಜು 96. ಒಂದು ಬುರುಜಿನ ಮೇಲೆ 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1854ರಲ್ಲಿ ಅದನ್ನ 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ರದ್ದು ಮಾಡಿದರಂತೆ. ಇಷ್ಟೆಲ್ಲ ಇದ್ದೂ ಊರು ಬಿದ್ದದ್ದು ಹೇಗೆ? ಔರಂಗಜೇಬನ ಸೈನ್ಯ ಸುಮಾರು ಒಂದೂವರೆ ವರ್ಷ ಸುತ್ತುವರಿದು ಕೂತಿತು. ಒಳಗೆ ದವಸ, ಮೇವು ತೀರುತ್ತಾ ಬಂತು. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಷಾ ಶರಣಾದ. ಕೋಟೆ ಅಂದರೆ ಗೋಡೆ ಅಂತ ನಾವು ಓದಿಕೊಂಡು ಬಂದಿದ್ದೇವೆ. ಒಳಗಿನ ಜನ ಉಣ್ಣೋದು, ಕುಡಿಯೋದು ನಿಂತರೆ ಗೋಡೆ ಎಷ್ಟು ದಪ್ಪ ಇದ್ದರೂ ಒಂದೇ. ನಮ್ಮ ಕೊಡಗಿನಲ್ಲಿ ನಾಡುಗಳ ಗಡಿಗೆ ಗುಡ್ಡದುದ್ದ ತೋಡಿದ ಕಡಂಗಗಳಿವೆ, ಕಲ್ಲಿನ ಗೋಡೆ ಬದಲು ಆಳದ ಕಂದಕ ಮತ್ತು ಏರಿ. ಅವುಗಳಿಗೂ ಬೆನ್ನ ಹಿಂದಿನ ಗದ್ದೆಯೇ ಬಲ.

ಜೈಸಲ್ಮೇರ್ ಕಥೆ ಇದಕ್ಕೆ ಇನ್ನೊಂದು ಮಗ್ಗುಲು. 1156ರಲ್ಲಿ ಕಟ್ಟಿದ ಕೋಟೆ, ಒಳಗೆ ಇವತ್ತಿಗೂ ಜನ ವಾಸ ಇದ್ದಾರೆ. ಶತಮಾನಗಳ ಕಾಲ ಅವರು ಗಡೀಸರ್ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ತಂದರು. ಹೊತ್ತು ತಂದ ನೀರನ್ನ ಯಾರೂ ಚೆಲ್ಲಲ್ಲ. ಆಮೇಲೆ ಕೊಳಾಯಿ ಬಂತು, ಅದರ ಹಿಂದೆ ಹೋಟೆಲು, ಗೆಸ್ಟ್ ಹೌಸ್, ಬಾತ್‌ರೂಮು ಬಂದವು. ಬಂದ ನೀರು ಹೊರಗೆ ಹೋಗೋಕೆ ತಕ್ಕ ಚರಂಡಿ ಇರಲಿಲ್ಲ. ನೀರು ಗುಡ್ಡದೊಳಗೆ ಇಂಗಿ ಬುಡದ ಜೇಡಿಮಣ್ಣನ್ನ ಮೆತ್ತಗೆ ಮಾಡಿತು. ಬುರುಜುಗಳೇ ಕುಸಿದದ್ದುಂಟು. ಇದೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 1996ರಲ್ಲೇ ಜೈಸಲ್ಮೇರ್ ಕೋಟೆಯನ್ನ ಅಪಾಯದ ಪಟ್ಟಿಗೆ ಹಾಕಿತ್ತು. ಮರುಭೂಮಿಯ ಕೋಟೆಯನ್ನ ಸಡಿಲ ಮಾಡಿದ್ದು ನೀರು, ಅದನ್ನ ಹೆಚ್ಚು ಮಾಡಿದ್ದು ನೋಡೋಕೆ ಬಂದ ನಮ್ಮಂಥವರ ಸ್ನಾನ. ಹಾಗಾಗಿ ಪ್ರವಾಸಿಯ ಅನಿಸಿಕೆ ಅನ್ನೋದು ಬರೀ ಅನಿಸಿಕೆಯಾಗಿ ಉಳಿಯಲ್ಲ. "ಕೋಟೆಯೊಳಗೇ ರೂಮು ಸಿಕ್ಕಿತು, ಸಖತ್" ಅಂತ ಒಬ್ಬ ಬರೆದರೆ ಇನ್ನೊಂದು ರೂಮು ಏಳುತ್ತೆ, ಅದಕ್ಕೊಂದು ಪೈಪು ಏರುತ್ತೆ.

ಈಗ ನಮ್ಮೂರಿಗೆ ಬರೋಣ. ಗೋಣಿಕೊಪ್ಪದಿಂದ ಕುಟ್ಟದ ರಸ್ತೆಯಲ್ಲಿ ಬಂದು, ಶ್ರೀಮಂಗಲ ದಾಟಿ, ಇರ್ಪು ಜಲಪಾತ ನೋಡಿ ಹೋಗುವವರೂ ಅನಿಸಿಕೆ ಬರೀತಾರೆ. "ಎಲ್ಲಿ ನೋಡಿದರೂ ನೀರು." ಜುಲೈಯಲ್ಲಿ ಬಂದವರಿಗೆ ಅದು ಸತ್ಯ. ಇರ್ಪಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವನ್ನ ಅವರು ಮಾರ್ಚ್ ಕೊನೆಯಲ್ಲಿ ನೋಡಬೇಕು. ನಮ್ಮ ತೋಟಗಳಲ್ಲಿ ಕಾಫಿ ಹೂವಿಗೆ ಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕೋಕೆ ಕೆರೆಯಲ್ಲಿ ಎಷ್ಟಿದೆ, ತೋಡಿನಲ್ಲಿ ಎಷ್ಟಿದೆ ಅಂತ ಲೆಕ್ಕ ಹಾಕುವಾಗಿನ ಮುಖಗಳನ್ನ ನೋಡಬೇಕು. 2023ರಲ್ಲಿ ಸರ್ಕಾರ ಬರಪೀಡಿತ ಅಂತ ಘೋಷಿಸಿದ 223 ತಾಲ್ಲೂಕುಗಳಲ್ಲಿ ವಿಜಯಪುರದ ಜೊತೆ ಕೊಡಗಿನ ತಾಲ್ಲೂಕುಗಳೂ ಇದ್ದವು. ನಾಲ್ಕು ಪಟ್ಟು ಮಳೆ ಬೀಳುವ ಜಿಲ್ಲೆಯೂ, ಅದರ ಕಾಲು ಭಾಗ ಬೀಳುವ ಜಿಲ್ಲೆಯೂ ಒಂದೇ ಪಟ್ಟಿಯಲ್ಲಿ!

ಕಾರಣ ಊಹಿಸೋದು ಕಷ್ಟವಲ್ಲ. ಬಿದ್ದ ಮಳೆ ಬೇರೆ, ನಿಂತ ನೀರು ಬೇರೆ. ನಮ್ಮಲ್ಲಿ ನೀರು ನಿಲ್ಲಿಸುತ್ತಿದ್ದದ್ದು ಗದ್ದೆ. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ, ಬದು ಕಟ್ಟಿದ ಗದ್ದೆಗಳಲ್ಲಿ ಮಳೆಗಾಲವಿಡೀ ನೀರು ನಿಂತು, ನಿಧಾನವಾಗಿ ಇಂಗಿ, ಬೇಸಿಗೆಯಲ್ಲಿ ಬಾವಿಗೂ ತೋಡಿಗೂ ಬರುತ್ತಿತ್ತು. ಈಗ ಭತ್ತ ಲಾಭವಿಲ್ಲ, ಆಳು ಸಿಗಲ್ಲ. ಗದ್ದೆ ಪಾಳು ಬೀಳ್ತಾ ಇದೆ, ಕೆಲವು ಕಡೆ ಮಣ್ಣು ತುಂಬಿಸಿ ಸೈಟು ಆಗ್ತಾ ಇದೆ. ಗದ್ದೆ ಬಿಟ್ಟವರನ್ನ ಬೈದು ಪ್ರಯೋಜನ ಇಲ್ಲ, ಅವರ ಲೆಕ್ಕ ಅವರಿಗೆ. ಆದರೆ ಗದ್ದೆ ಹೋದಾಗ ಭತ್ತದ ಜೊತೆ ಏನು ಹೋಯಿತು ಅನ್ನೋದನ್ನ ಅಳೆದು ಹೇಳಬೇಕಾದವರು ಯಾರು? ಇನ್ನೊಂದು ಕಡೆ ಬೇಡದ ಕಡೆ ಇಂಗಿದ ನೀರು 2018ರಲ್ಲಿ, 2019ರಲ್ಲಿ ಗುಡ್ಡಗಳನ್ನೇ ಕೆಳಗಿಳಿಸಿತು. ಮಿತಿಮೀರಿದ ಮಳೆಯ ಜೊತೆ, ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಜೈಸಲ್ಮೇರ್ ಗುಡ್ಡಕ್ಕೂ ನಮ್ಮ ಗುಡ್ಡಕ್ಕೂ ಮಣ್ಣು ಬೇರೆ, ಕಾಯಿಲೆ ಒಂದೇ: ನೀರಿಗೆ ಹೋಗುವ ದಾರಿ ಬಿಟ್ಟಿಲ್ಲ.

ಮಳೆ ಇರುವ ಕಡೆ ಸುರಂಗ ಯಾಕೆ ಅಂತ ಕೇಳುವವರು ಗಡಿಯಾಚೆ ಕಾಸರಗೋಡಿನ ಹಳ್ಳಿಗಳಿಗೆ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿಗೆ ಹೋಗಿ ಬರಲಿ. ನಮ್ಮಷ್ಟೇ ಮಳೆಯ ನಾಡು ಅದು. ಆದರೂ ಅಲ್ಲಿನ ಜನ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರ್ತಾರೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿದವರು. ಹಲವು ಸಲ ನೀರು ಸಿಗದೆ ಹೋದರೂ ಬಿಡದೆ, ಬೋಳು ಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡಿಗ್ರಿ ಇಲ್ಲದ ಅವರ ಲೆವೆಲ್ಲಿಂಗ್ ಮುಂದೆ ನಮ್ಮ ಲ್ಯಾಬ್ ರೆಕಾರ್ಡು ನಾಚಬೇಕು.

ಈ ಮಾತಿಗೆ ಎರಡು ಆಕ್ಷೇಪ ಬರುತ್ತೆ, ಬಂದೂ ಇವೆ. ಒಂದು, "ಟೂರ್ ಅಂದ್ರೆ ಮಜಾ ಕಣ್ರೋ, ಅಲ್ಲೂ ಪಾಠ ಬೇಕಾ?" ಮಜಾ ಬೇಡ ಅಂತ ಯಾರು ಅಂದರು? ಗೋಲಗುಂಬಜ್‌ನಲ್ಲಿ ನಾವೂ ಗಂಟಲು ಹರಿಯುವಷ್ಟು ಕೂಗಿದ್ದೇವೆ, ಜೋಳದ ರೊಟ್ಟಿ ಶೇಂಗಾ ಚಟ್ನಿ ಲೆಕ್ಕವಿಲ್ಲದೆ ತಿಂದಿದ್ದೇವೆ. ಆದರೆ ಆ ಗಂಜ್ ಮುಂದೆ ನಿಂತು "ಇದು ಯಾಕೆ ಇಷ್ಟೇ ಎತ್ತರ?" ಅಂತ ನಾಲ್ಕು ಜನ ಒಂದು ಗಂಟೆ ಕಿತ್ತಾಡಿದೆವಲ್ಲ, ಇಡೀ ಟ್ರಿಪ್‌ನಲ್ಲಿ ಅದಕ್ಕಿಂತ ಮಜಾ ಇನ್ನೊಂದಿರಲಿಲ್ಲ.

ಎರಡನೆಯದು ಗಟ್ಟಿ ಆಕ್ಷೇಪ. ಹಳೆಯದನ್ನ ಹೊಗಳೋದು ಸುಲಭ, ಲಕ್ಷಗಟ್ಟಲೆ ಜನರಿರುವ ಇವತ್ತಿನ ವಿಜಯಪುರಕ್ಕೆ ಸುರಂಗ ಬಾವಿ ನೀರು ಕೊಡುತ್ತಾ? ಕೊಡಲ್ಲ. ಇವತ್ತು ಆ ಊರು ಕುಡಿಯೋದು ಕೃಷ್ಣಾ ನದಿಯ, ಆಲಮಟ್ಟಿ ಹಿನ್ನೀರಿನ ನೀರು. ಆದಿಲ್ ಷಾಹಿ ಕಾಲದ ನೀರು ಮೊದಲು ಅರಮನೆಗೆ, ತೋಟಕ್ಕೆ ಹೋಗಿ ಆಮೇಲೆ ಬಡವರ ಬೀದಿಗೆ ಬಂದಿರುತ್ತೆ ಅನ್ನೋದನ್ನೂ ಮರೆಯಬಾರದು. ಹಿಂದಿನದು ಸ್ವರ್ಗವಾಗಿತ್ತು ಅಂತ ನಾವು ಹೇಳ್ತಿಲ್ಲ. ನೀರು ಕಮ್ಮಿ ಅಂತ ಗೊತ್ತಿದ್ದ ಜನ ಪ್ರತಿ ಹನಿಗೂ ದಾರಿ ಹಾಕಿಕೊಟ್ಟರು. ನೀರು ಜಾಸ್ತಿ ಅಂದುಕೊಂಡ ನಾವು ಯಾವುದಕ್ಕೂ ದಾರಿ ಹಾಕಿಲ್ಲ. ಅವರ ಕೊಳವೆಗಿಂತ ನಮಗೆ ಬೇಕಾಗಿರೋದು ಅವರ ಆ ಎಚ್ಚರ.

ಆದ್ದರಿಂದ ನಮ್ಮ ಬೇಡಿಕೆ ಎರಡೇ. ಮೊದಲನೆಯದು ಟೂರ್ ಕಮಿಟಿಗೆ. ಮುಂದಿನ ಸಲ ಉತ್ತರ ಕರ್ನಾಟಕದ ಕಡೆ ಬಸ್ಸು ಹೊರಟರೆ ಪಟ್ಟಿಯಲ್ಲಿ ಅರ್ಧ ದಿನ ನೀರಿಗೆ ಇಡಿ. ವಿಜಯಪುರವಾದರೆ ತಾಜ್ ಬಾವಡಿ, ಬೇಗಂ ತಾಲಾಬ್, ಎರಡು ಗಂಜ್, ತೊರವಿ ಕಡೆಯ ಸುರಂಗ ಬಾವಿ. ಬೀದರ್ ಆದರೆ ನೌಬಾದ್‌ನ ಕರೇಜ್. ಟಿಕೆಟ್ಟಿನ ಖರ್ಚು ಹೆಚ್ಚೇನೂ ಆಗಲ್ಲ, ಕ್ಯೂ ಇರೋದೇ ಇಲ್ಲ. ಹೋಗುವ ಮೊದಲು ಹೆನ್ರಿ ಕಸೆನ್ಸ್ 1916ರಲ್ಲಿ ವಿಜಯಪುರದ ಕಟ್ಟಡಗಳ ಬಗ್ಗೆ ಹೊರತಂದ ಪುಸ್ತಕ ಸಿಕ್ಕರೆ ತಿರುವಿ ಹಾಕಿ, ನೋಡೋಕೆ ಏನೇನಿದೆ ಅಂತ ಗೊತ್ತಾಗುತ್ತೆ.

ಎರಡನೆಯದು ನಮಗೇ, ಅಂದರೆ ಸಂಘದವರಿಗೆ. ಈ ಏಪ್ರಿಲ್‌ನಲ್ಲಿ, ನೀರು ತೀರಾ ಕಮ್ಮಿ ಇರುವಾಗ, ಶ್ರೀಮಂಗಲ ಸುತ್ತಿನ ಕೆರೆ, ತೋಡು, ಬಾವಿ, ಪಾಳುಗದ್ದೆಗಳ ನಕ್ಷೆ ಮಾಡಬೇಕು ಅಂತ ತೀರ್ಮಾನಿಸಿದ್ದೇವೆ. ಎಲ್ಲಿ ನೀರಿದೆ, ಎಷ್ಟು ಆಳದಲ್ಲಿದೆ, ಹಿರಿಯರು ಹೇಳುವ ಪ್ರಕಾರ ಮೊದಲು ಎಲ್ಲಿ ತನಕ ಇರುತ್ತಿತ್ತು, ಅಷ್ಟೇ. ಸಿವಿಲ್‌ನವರು ಲೆವೆಲ್ ತರಲಿ, ಕಂಪ್ಯೂಟರ್ ಸೈನ್ಸಿನವರು ನಕ್ಷೆ ಮಾಡಲಿ, ಮಿಕ್ಕವರು ಮನೆಮನೆಗೆ ಹೋಗಿ ಅಜ್ಜ-ಅಜ್ಜಿಯರನ್ನ ಮಾತಾಡಿಸಲಿ. ಮಿನಿ ಪ್ರಾಜೆಕ್ಟ್ ಅಂತ ತೋರಿಸಿದರೂ ನಡೆಯುತ್ತೆ. ಬರುವವರು ಈ ತಿಂಗಳ ಕೊನೆಯೊಳಗೆ ಸಂಘದ ಯಾರಿಗಾದರೂ ಹೆಸರು ಕೊಡಿ. ಕೊಡಗಿನವರೇ ಆಗಬೇಕಿಲ್ಲ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಗೆಳೆಯರು ಬಂದರೆ ಇನ್ನೂ ಒಳ್ಳೇದು, ನೀರು ಹುಡುಕುವ ಕಣ್ಣು ನಮಗಿಂತ ಅವರಿಗೆ ಜಾಸ್ತಿ.